ಕಡವಿನ ಕಾಳಗಗಳು: ವಾಗಣಗೇರಿಯ ಮುತ್ತಿಗೆ

ಹಿಂದಿನ ಸಂಚಿಕೆಯನ್ನು ಓದಿದ ಸೋದರಿಯೊಬ್ಬರು ನಮಗೊಂದು ಪ್ರಶ್ನೆಯನ್ನು ಬರೆದು ಕಳುಹಿಸಿರುವರು. ಅವರ ಮನೆಯ ಹುಡುಗನು ಪಾಠಪುಸ್ತಕದಲ್ಲಿ ಪರದೇಶಗಳ ನದೀತೀರದ ರೇವುಪಟ್ಟಣಗಳ ಸಂಗತಿಯನ್ನೂ, ಅವುಗಳಿಗಾಗಿ ರಾಜರು ಕಾದಾಡಿದ ಸಂಗತಿಯನ್ನೂ ಓದಿ, “ನಮ್ಮ ಕೃಷ್ಣಾ ಭೀಮಾ ನದಿಗಳ ಮೇಲೆ ಅಂತಹ ಊರೇ ಇರಲಿಲ್ಲವೇನಮ್ಮಾ?” ಎಂದು ಕೇಳಿದನಂತೆ. ತಾಯಿಗೆ ಉತ್ತರ ತೋಚದೆ ಪ್ರಶ್ನೆಯನ್ನು ನಮ್ಮ ಕಡೆಗೆ ತಿರುಗಿಸಿದ್ದಾರೆ. ಹುಡುಗರ ಪ್ರಶ್ನೆಗಳು ಹೀಗೆಯೇ. ಕೇಳುವಾಗ ಸಣ್ಣವು, ಉತ್ತರಿಸಹೋದಾಗ ನಮ್ಮ ಕಪಾಟಿನ ಅರ್ಧ ಪುಸ್ತಕಗಳನ್ನು ಕೆಳಗಿಳಿಸುವಂಥವು.

ಮೊದಲು ನೇರವಾದ ಉತ್ತರವನ್ನು ಹೇಳಿಬಿಡುವೆವು. ಹಡಗುಗಳು ಬಂದು ನಿಲ್ಲುವಂಥ ರೇವುಪಟ್ಟಣವು ನಮ್ಮ ಒಳನಾಡಿನ ಹೊಳೆಗಳ ಮೇಲೆ ಇರಲಿಲ್ಲ. ಬಂಗಾಳದ ಹುಗಳಿಯಲ್ಲಿ ಪೋರ್ತುಗೀಜರ ಹಡಗುಗಳು ಸಮುದ್ರದಿಂದ ನದಿಯೊಳಕ್ಕೆ ಏರಿಬಂದು ನಿಲ್ಲುತ್ತಿದ್ದುವು. ಅದಕ್ಕಾಗಿಯೇ 1632ರಲ್ಲಿ ಶಹಜಹಾನನ ಸೈನ್ಯವು ಆ ಊರನ್ನು ಮುತ್ತಿ ತೆಗೆದುಕೊಂಡಿತು. ಅಮೇರಿಕೆಯ ಮಿಸಿಸಿಪಿ ನದಿಯ ಮೇಲಿನ ವಿಕ್ಸ್‌ಬರ್ಗ್ ಪಟ್ಟಣವು 1863ರ ಜುಲೈ 4ರಂದು ಶರಣಾದಾಗ ಆ ಮಹಾನದಿಯ ಬಾಗಿಲೇ ಒಂದು ಪಕ್ಷದ ಕೈಗೆ ಬಂದಂತಾಯಿತು. ನಮ್ಮ ಕೃಷ್ಣೆಯ ಸ್ವಭಾವ ಬೇರೆ. ಅವಳು ಬಂಡೆಗಳ ಮೇಲೆ ಹರಿಯುವವಳು. ನಾರಾಯಣಪುರದ ಕೆಳಗೆ ಜಲದುರ್ಗದ ಬಳಿಯಲ್ಲಿ ಮೇಲುನಾಡನ್ನು ಬಿಟ್ಟು ಧುಮುಕುತ್ತ, ನುಗ್ಗುತ್ತ ಇಳಿದುಹೋಗುವ ಹೊಳೆಯಲ್ಲಿ ಯಾವ ಹಡಗು ನಡೆದೀತು? ಮಳೆಗಾಲದಲ್ಲಿ ದಡದಿಂದ ದಡಕ್ಕೆ ತುಂಬಿ ಯಾರನ್ನೂ ಹತ್ತಿರಕ್ಕೆ ಬಿಡಿಸಿಕೊಳ್ಳಳು. ಬೇಸಗೆಯಲ್ಲಿ ಮೊಳಕಾಲುದ್ದ ನೀರಿನಲ್ಲಿ ಎತ್ತಿನ ಬಂಡಿಯನ್ನೂ ಹಾಯಗೊಡುವಳು.

ಆದುದರಿಂದ ನಮ್ಮ ಜನರಿಗೆ ರೇವಿನ ಸ್ಥಾನದಲ್ಲಿ ಇದ್ದದ್ದು ಕಡವು. ಎಲ್ಲಿ ಹೊಳೆ ಹಾಯಲು ಬರುವುದೋ, ಎಲ್ಲಿ ಹರಿಗೋಲು ನಡೆಯುವುದೋ ಅಲ್ಲಿಗೆ ದಾರಿಗಳು ಬಂದು ಕೂಡಿದುವು. ದಾರಿ ಕೂಡಿದಲ್ಲಿ ಸಂತೆ, ಸಂತೆಯ ಮಗ್ಗುಲಲ್ಲಿ ಸುಂಕದ ಕಟ್ಟೆ, ಸುಂಕದ ಕಟ್ಟೆಯನ್ನು ಕಾಯಲು ಕೋಟೆ. ಹರಿಗೋಲನ್ನು ಸಾಮಾನ್ಯವೆಂದು ತಿಳಿಯಬಾರದು. ಬಿದಿರಿನಿಂದ ಹೆಣೆದು ತೊಗಲು ಹೊದಿಸಿದ ಈ ದುಂಡು ಬುಟ್ಟಿಯನ್ನು ವಿಜಯನಗರಕ್ಕೆ ಬಂದಿದ್ದ ಪೋರ್ತುಗೀಜ ಪ್ರವಾಸಿ ಡೊಮಿಂಗೊ ಪಯಸ್ ಎಂಬವನು ಬೆರಗಿನಿಂದ ವರ್ಣಿಸಿರುವನು. ಅದರಲ್ಲಿ ಹದಿನೈದು ಇಪ್ಪತ್ತು ಜನ ಕೂಡಬಹುದೆಂದೂ, ಕುದುರೆ ಎತ್ತುಗಳನ್ನು ಸಹ ದಾಟಿಸುವರೆಂದೂ ಅವನು ಹೇಳುತ್ತಾನೆ. ತೆಪ್ಪಗೆ ಮುಂದಕ್ಕೆ ಹೋಗದೆ ಗಿರಗಿರನೆ ತಿರುಗುತ್ತ ಹೋಗುವುದು ಅವನಿಗೆ ವಿಚಿತ್ರವಾಗಿ ಕಂಡಿತು. ಅದರಲ್ಲಿ ಕುಳಿತು ತಲೆ ತಿರುಗಿಸಿಕೊಂಡವರಿಗೆ ಇದರಲ್ಲಿ ಹೊಸದೇನೂ ಇಲ್ಲ.

ಈ ಕಡವುಗಳಿಗಾಗಿ ನಡೆದ ಕಾಳಗಗಳನ್ನು ಎಣಿಸಲು ಹೊರಟರೆ ಸಂಚಿಕೆಯೇ ಸಾಲದು. ಸುಮಾರು 1398ರಲ್ಲಿ ಬಹಮನಿ ಫಿರೋಜಶಹನು ಕೃಷ್ಣೆಯ ಈಚೆ ದಡದಲ್ಲಿಯೂ ವಿಜಯನಗರದ ಎರಡನೆಯ ಹರಿಹರರಾಯನ ಸೈನ್ಯವು ಆಚೆ ದಡದಲ್ಲಿಯೂ ಬೀಡುಬಿಟ್ಟು, ತುಂಬಿದ ಹೊಳೆಯನ್ನು ನಡುವಿಟ್ಟುಕೊಂಡು ಒಬ್ಬರನ್ನೊಬ್ಬರು ನೋಡುತ್ತ ಕುಳಿತಿದ್ದರು. ಆಗ ಖಾಜಿ ಸಿರಾಜನೆಂಬವನು ಗಾಯಕನ ವೇಷದಿಂದ ಸಂಗಡಿಗರೊಡನೆ ಹೊಳೆ ದಾಟಿ, ಆಟಪಾಟಗಳಿಂದ ರಾಜಕುಮಾರನನ್ನು ಮೆಚ್ಚಿಸಿ, ಕತ್ತಿಯ ಕುಣಿತದ ನಡುವೆ ಅವನನ್ನು ಇರಿದನೆಂದೂ, ಆ ಗಲಭೆಯಲ್ಲಿ ಬಹಮನಿಯ ದಂಡು ಹರಿಗೋಲುಗಳಲ್ಲಿ ದಾಟಿಬಂದಿತೆಂದೂ ಫಿರಿಶ್ತನು ಬರೆದಿದ್ದಾನೆ. ಫಿರಿಶ್ತನು ಇದನ್ನು ಬರೆದದ್ದು ಇನ್ನೂರು ವರ್ಷಗಳ ತರುವಾಯ, ಬಿಜಾಪುರದಲ್ಲಿ ಕುಳಿತು. ಕುಣಿತದ ಕಥೆಗೆ ಬಣ್ಣ ಹತ್ತಿರಬಹುದು. ಹೊಳೆಯ ಮಾತು ಮಾತ್ರ ನಂಬತಕ್ಕದ್ದಾಗಿದೆ.

1520ರಲ್ಲಿ ರಾಯಚೂರಿಗಾಗಿ ಕೃಷ್ಣದೇವರಾಯನಿಗೂ ಇಸ್ಮಾಯಿಲ ಆದಿಲಶಹನಿಗೂ ನಡೆದ ಯುದ್ಧದಲ್ಲಿ ಆದಿಲಶಹನು ಹೊಳೆಯನ್ನು ಬೆನ್ನಿಗಿಟ್ಟುಕೊಂಡು ಕಾದಿದನು. ಸೋತಾಗ ಅದೇ ಹೊಳೆ ಅವನ ದಂಡನ್ನು ನುಂಗಿತು. 1565ರ ಜನವರಿಯಲ್ಲಿ ನಾಲ್ವರು ಸುಲ್ತಾನರ ಸೈನ್ಯವು ಬೇರೆ ಕಡವನ್ನು ಹುಡುಕುವವರಂತೆ ಮೂರು ದಿನ ದಂಡೆಗುಂಟ ನಡೆದುಹೋಗಿ, ಕಾವಲಿನವರು ಇಂಗಳಗಿಯ ಕಡವನ್ನು ಬಿಟ್ಟು ಅವರ ಹಿಂದೆ ಹೋದೊಡನೆ ತಿರುಗಿ ಓಡಿಬಂದು ಅಲ್ಲಿಯೇ ದಾಟಿತಂತೆ. ವಿಜಯನಗರದ ಹಣೆಬರಹವು ಒಂದು ಕಡವಿನ ಕಾವಲು ಸಡಿಲಾದುದರಿಂದ ಬದಲಾಯಿತೆನ್ನಬಹುದು.

ಇವು ಎಲ್ಲರೂ ಓದಿದ ಸಂಗತಿಗಳು. ನಾವು ಇಂದು ಹೇಳಬೇಕೆಂದಿರುವುದು ಅಷ್ಟಾಗಿ ಯಾರೂ ಹೇಳದಿರುವ ಒಂದು ಮುತ್ತಿಗೆಯ ಮಾತು. ಮನೆಯಲ್ಲಿ ಭೂಪಟವಿದ್ದವರು ಮುಂದಿಟ್ಟುಕೊಳ್ಳಲಿ. ಉತ್ತರದಿಂದ ಭೀಮೆಯು ಯಾದಗಿರಿಯ ಗುಡ್ಡದ ಕೋಟೆಯ ಮಗ್ಗುಲಿಂದ ಹರಿದು ಆಗ್ನೇಯಕ್ಕೆ ಹೋಗುವಳು. ಪಶ್ಚಿಮದಿಂದ ಕೃಷ್ಣೆಯು ನಾರಾಯಣಪುರ, ತಿಂಥಣಿಗಳ ಮೇಲೆ ಹಾಯ್ದು ಬಂದು ಅವಳನ್ನು ಕೂಡಿಕೊಳ್ಳುವಳು. ಈ ಎರಡು ಹೊಳೆಗಳ ನಡುವಿನ ಮೂಲೆಯಲ್ಲಿ ಶಹಾಪುರ, ಸಗರ, ಸುರಪುರ, ವಾಗಣಗೇರಿಗಳು ಇರುವುವು. 2009ರ ಕೊನೆಯಲ್ಲಿ ಕಲಬುರ್ಗಿಯಿಂದ ಬೇರ್ಪಡಿಸಿ ಮಾಡಿದ ಯಾದಗಿರಿ ಜಿಲ್ಲೆಯಲ್ಲಿ ಇವೆಲ್ಲ ಸೇರಿವೆ. ಎರಡು ಕಡೆ ನೀರು, ನಡುವೆ ಹೆಬ್ಬಂಡೆಯ ಗುಡ್ಡಗಳು, ಗುಡ್ಡಗಳಲ್ಲಿ ಗುರಿ ತಪ್ಪದ ಬಂದೂಕಿನ ಬೇಡರು. ಬಿಜಾಪುರದಿಂದ ರಾಯಚೂರಿಗೂ ಗೋವಳಕೊಂಡಕ್ಕೂ ಹೋಗುವ ದಂಡಿಗೆ ಇವರ ಮಾತು ಮೀರಿ ದಾರಿಯಿರಲಿಲ್ಲ.

ಈ ನಾಡಿನ ನಾಯಕರು ಬಿಜಾಪುರದ ಆದಿಲಶಾಹಿಗೆ ನಡೆದುಕೊಂಡು ಬಂದವರು. 1686ರಲ್ಲಿ ಬಿಜಾಪುರವೂ ಮರುವರ್ಷ ಗೋವಳಕೊಂಡವೂ ಔರಂಗಜೇಬನ ವಶವಾದ ಮೇಲೆ ಇವರ ಮೇಲಿದ್ದ ನೆರಳು ಹೋಯಿತು. ಆಗ ಸಗರವನ್ನಾಳುತ್ತಿದ್ದವನು ಪಾಮನಾಯಕ. ಅವನು 1687ರ ನವೆಂಬರದಲ್ಲಿ ಕೋಟೆಯನ್ನು ಒಪ್ಪಿಸಿ ಬಾದಶಹನ ದರಬಾರಿಗೆ ಹೋದನು. ಅಲ್ಲಿಯ ಬರಹಗಾರರು ಅವನ ಶೌರ್ಯವನ್ನು ಬರೆಯುವುದನ್ನು ಬಿಟ್ಟು ಮೈಬಣ್ಣವನ್ನು ಕುರಿತು ನಕ್ಕಿರುವರು. ಕೆಲವೇ ದಿನಗಳಲ್ಲಿ ಅವನು ಬೀಡಿನಲ್ಲಿಯೇ ತೀರಿಕೊಂಡನು. ಸಗರಕ್ಕೆ ನುಸ್ರತಾಬಾದವೆಂದು ಹೆಸರಾಯಿತು. ಹೆಸರು ಬದಲಿಸುವ ಚಪಲ ಗೆದ್ದವರಿಗೆ ಎಂದೂ ಇದ್ದದ್ದೇ. ಜನರ ಬಾಯಲ್ಲಿ ಮಾತ್ರ ಅದು ಸಗರವಾಗಿಯೇ ಉಳಿದಿದೆ.

ಪಾಮನಾಯಕನ ತರುವಾಯ ಬಂದವನು ಪಿಡ್ಡನಾಯಕ. ಪಾರಸಿ ಗ್ರಂಥಗಳಲ್ಲಿ ‘ಪಿಡಿಯಾ’ ಎಂದು ಬರುವವನು ಇವನೇ. ಇವನು ಮೊದಲು ಮೊಗಲರ ಮನಸಬದಾರನಾಗಿ, 1689ರಲ್ಲಿ ರೂಹುಲ್ಲಾಖಾನನು ರಾಯಚೂರನ್ನು ಮುತ್ತಿದಾಗ ಅವನ ಸಂಗಡ ದುಡಿದನು. ರಾಯಚೂರು ಬಿದ್ದ ಬಳಿಕ “ಒಂದು ವಾರದ ಮಟ್ಟಿಗೆ ಊರಿಗೆ ಹೋಗಿ ಬರುವೆನು” ಎಂದು ಅಪ್ಪಣೆ ಬೇಡಿ ವಾಗಣಗೇರಿಗೆ ಹೋದನು. ಹೋದವನು ಗೋಡೆಗಳನ್ನು ಎತ್ತರಿಸಿದನು, ತೋಪುಗಳನ್ನು ಏರಿಸಿದನು, ಕಾಳು ಕಡ್ಡಿ ಮದ್ದುಗುಂಡುಗಳನ್ನು ತುಂಬಿಸಿದನು, ಬಂದೂಕಿನ ಬೇಡರನ್ನು ಸಾವಿರಗಟ್ಟಲೆ ಕೂಡಿಸಿದನು. ಆ ಒಂದು ವಾರ ಹದಿನೈದು ವರ್ಷಗಳಾದರೂ ಮುಗಿಯಲಿಲ್ಲ. ನಡುವೆ ಶಹಜಾದೆಯರೂ ಸರದಾರರೂ ಅವನ ಮೇಲೆ ಬಂದರು. ಬಂದಾಗ ಬಗ್ಗಿ ಲಕ್ಷಗಟ್ಟಲೆ ಹಣ ತೆತ್ತನು. ಅವರ ಬೆನ್ನು ಕಾಣಿಸಿದೊಡನೆ ಎದ್ದು ನಿಂತನು. ಇದನ್ನು ವಂಚನೆಯೆಂದು ಮೊಗಲರ ಬರಹಗಾರರು ಬೈದಿರುವರು. ಚಿಕ್ಕ ನಾಡಿನ ಒಡೆಯನು ಜಗತ್ತಿನ ದೊಡ್ಡ ಸೈನ್ಯದ ಮುಂದೆ ಇನ್ನೇನು ಮಾಡಬೇಕಾಗಿತ್ತೆಂಬುದನ್ನು ಅವರು ಬರೆದಿಲ್ಲ.

ಕಡೆಗೆ ಔರಂಗಜೇಬನು ತಾನೇ ಬಂದನು. ಆಗ ಅವನಿಗೆ ಎಂಬತ್ತಾರು ವರ್ಷ. ದಿಲ್ಲಿಯನ್ನು ಬಿಟ್ಟು ಇಪ್ಪತ್ತೈದು ವರ್ಷಗಳಾಗಿದ್ದುವು. ಬೆನ್ನು ಬಾಗಿದ ಆ ಮುದುಕನು 1705ರ ಫೆಬ್ರವರಿ 8ರಂದು ವಾಗಣಗೇರಿಯ ಮುಂದೆ ಗುಡಾರ ಹೊಡೆಯಿಸಿದನು. ಕೋಟೆಯಿದ್ದದ್ದು ಗುಡ್ಡದ ಮೇಲೆ. ಅದರ ಅಡಿಯಲ್ಲಿ ಗೋಡೆ ಕಟ್ಟಿದ ಪೇಟೆ ತಳವಾರಗೇರಿ. ಎದುರಿಗೆ ಪೇಟೆಯನ್ನು ನೋಡುತ್ತ ನಿಂತ ಕೆಂಪು ಮಣ್ಣಿನ ಗುಡ್ಡವೊಂದು. ಪಾರಸಿಯವರು ಇದನ್ನು ಲಾಲ್ ಟೇಕಡಿ ಎಂದರು. ಈ ಕೆಂಪು ಗುಡ್ಡ ಯಾರ ಕೈಯಲ್ಲಿದೆಯೋ ಅವರಿಗೆ ಪೇಟೆ. ಪೇಟೆ ಹೋದರೆ ಕೋಟೆಗೆ ನೀರಿಲ್ಲ.

ಒಂದು ಮುಂಜಾನೆ ಮೊಗಲ ಸರದಾರರು ಫಕ್ಕನೆ ಮೇಲೆ ಬಿದ್ದು ಆ ಗುಡ್ಡವನ್ನು ಹತ್ತಿ ನಿಂತರು. ನಿಂತರೇನು, ಬಂಡೆಯ ಮೇಲೆ ಮರೆಗೆಂದು ಅಗೆಯಲು ಮಣ್ಣಿಲ್ಲ. ಬೇಡರು ಇರುವೆಗಳಂತೆ ಹೊರಬಿದ್ದು ಕಲ್ಲಿನಿಂದಲೂ ಗುಂಡಿನಿಂದಲೂ ಅವರನ್ನು ಕೆಳಗಿಳಿಸಿಬಿಟ್ಟರು. ಅನಂತರ ವಾರಗಟ್ಟಲೆ ಮುತ್ತಿಗೆಯವರೇ ಮುತ್ತಿಗೆಗೆ ಒಳಗಾದಂತೆ ಮೋರ್ಚೆಗಳಲ್ಲಿ ಕುಳಿತರು. ಅವರೊಳಗೆ ಚಿನ್ ಖಿಲಿಚಖಾನನೆಂಬ ತರುಣ ಸರದಾರನೊಬ್ಬನಿದ್ದನು. ಮುಂದೆ ಹೈದರಾಬಾದಿನ ಮೊದಲನೆಯ ನಿಜಾಮನಾದ ಅಸಫಜಾಹನು ಇವನೇ. ತನ್ನ ವಂಶದ ಕೈಗೆ ಈ ಗುಡ್ಡಗಳೇ ಮುಂದೊಂದು ದಿನ ಬರುವುವೆಂದು ಅವನಿಗೆ ಆಗ ಹೊಳೆದಿರಲಾರದು.

ಇನ್ನು ನಮ್ಮ ಓದುಗ ತಾಯಂದಿರು ಗಮನಿಸಬೇಕಾದ ಸಂಗತಿ. ಮಾರ್ಚಿ 26ರಂದು ಧನಾಜಿ ಜಾಧವ, ಹಿಂದೂರಾವ ಎಂಬ ಮರಾಠಾ ಸರದಾರರು ಐದಾರು ಸಾವಿರ ಕುದುರೆಗಳೊಡನೆ ಬಂದರು. ಸ್ನೇಹವೂ ಹಣವೂ ಅವರನ್ನು ಕರೆತಂದಿರಬಹುದು. ಪಿಡ್ಡನಾಯಕನು ಅವರಿಗೆ ದಿನಕ್ಕೆ ಇಷ್ಟೆಂದು ಸಾವಿರಗಟ್ಟಲೆ ರೂಪಾಯಿಗಳನ್ನು ಕೊಡುವ ಮಾತು ಕೊಟ್ಟಿದ್ದನು. ಆದರೆ ಎಲ್ಲಕ್ಕಿಂತ ದೊಡ್ಡ ಕಾರಣ ಬೇರೆಯಿತ್ತು. ಮೊಗಲರಿಗೆ ಸಿಕ್ಕದಿರಲೆಂದು ಅನೇಕ ಮರಾಠರು ತಮ್ಮ ಹೆಂಡಿರು ಮಕ್ಕಳನ್ನು ಈ ಬೇಡರ ಕೋಟೆಯಲ್ಲಿ ಇಟ್ಟಿದ್ದರು. ತನ್ನ ಮನೆಯವರನ್ನು ಒಬ್ಬನು ಇನ್ನೊಬ್ಬನ ಹಟ್ಟಿಯಲ್ಲಿ ಬಿಟ್ಟುಹೋಗಬೇಕಾದರೆ ಎಷ್ಟು ನಂಬಿಗೆ ಇರಬೇಕು! ದರಬಾರಿನವರು ಲೂಟಿಕೋರರೆಂದು ಕರೆದ ಜನ ಇವರು. ಮರಾಠಾ ಕುದುರೆಗಳು ಒಂದು ಕಡೆಯಿಂದ ಮೊಗಲರ ಮೇಲೆ ಬಿದ್ದು ಗದ್ದಲವೆಬ್ಬಿಸುತ್ತಿರುವಷ್ಟರಲ್ಲಿ, ಆಯ್ದ ಎರಡು ಸಾವಿರ ಸವಾರರು ಕೋಟೆಯ ಹಿಂಬದಿಗೆ ಹೋಗಿ ಹೆಂಗಸರನ್ನೂ ಮಕ್ಕಳನ್ನೂ ವೇಗದ ಹೆಣ್ಣುಗುದುರೆಗಳ ಮೇಲೆ ಕೂಡಿಸಿಕೊಂಡು ಪಾರಾದರು. ಒಳಗಿನ ಬೇಡ ಕಾಲಾಳುಗಳು ಹೊರಬಂದು ಅವರ ಬೆನ್ನು ಕಾಯ್ದರು. ಈ ಇಡಿಯ ಮುತ್ತಿಗೆಯಲ್ಲಿ ಪೂರ್ತಿ ಫಲಿಸಿದ ಯುದ್ಧವೆಂದರೆ ಇದೊಂದೇ ಎಂದು ನಮಗೆ ತೋರುತ್ತದೆ.

ಇದರ ನಡುವೆ ಒಂದು ನಾಟಕವೂ ನಡೆಯಿತು. ಕಾಶ್ಮೀರದ ವ್ಯಾಪಾರಿ ಅಬ್ದುಲ್ ಘನಿಯೆಂಬವನು ನಾಯಕನ ಪರವಾಗಿ ಸಂಧಿಯ ಮಾತನ್ನು ಬಾದಶಹನಿಗೆ ಮುಟ್ಟಿಸಿದನು. ನಾಯಕನ ತಮ್ಮನು ಬೀಡಿಗೆ ಬಂದು ಕಾಣಿಸಿಕೊಂಡನು. ಮೊಹತಶಮಖಾನನೆಂಬ ಸರದಾರನು ಕಿಲ್ಲೇದಾರನಾಗಿ ಕೆಲವರೊಡನೆ ಕೋಟೆಯೊಳಗೆ ಹೋದನು. ಬೀಡಿನಲ್ಲಿ ವಿಜಯದ ನಗಾರಿ ಬಾರಿಸಿತು. ಆದರೆ ನಾಯಕನು ಮಾತ್ರ ಬರಲೊಲ್ಲನು. ಅವನಿಗೆ ಹುಚ್ಚು ಹಿಡಿದಿದೆ, ಮರಾಠರೊಡನೆ ಓಡಿಹೋಗಿದ್ದಾನೆ ಎಂಬ ಸುದ್ದಿ ಬಂದಿತು. ಕೋಟೆಯನ್ನು ತೆರವು ಮಾಡಿಸಲು ತಮ್ಮನನ್ನಾದರೂ ಕಳುಹಿಸಿಕೊಡಿರೆಂದು ನಾಯಕನ ತಾಯಿಯ ಹೆಸರಿನಿಂದ ಬೇಡಿಕೆ ಬಂದಿತು. ಬಾದಶಹನು ಕಳುಹಿಸಿಕೊಟ್ಟನು. ತಮ್ಮನು ಒಳಹೊಕ್ಕ ಮೇಲೆ ಬಾಗಿಲು ಮುಚ್ಚಿತು. ಹೊಸ ಕಿಲ್ಲೇದಾರನು ಸೆರೆಯಾಳಾದನು. ನಗಾರಿ ಬಾರಿಸಿದವರು ಮುಖ ಎಲ್ಲಿಟ್ಟುಕೊಂಡರೋ ಕಾಣೆವು.

ಬಳಿಕ ಬಾದಶಹನು ಇನ್ನು ಸಂಧಿಯ ಮಾತೇ ಬೇಡವೆಂದು ದೂರದಲ್ಲಿದ್ದ ತನ್ನ ಉತ್ತಮ ಸೇನಾಪತಿಯನ್ನು ಕರೆಸಿದನು. ಜಿಂಜಿಯನ್ನು ಗೆದ್ದ ಝುಲ್ಫಿಕಾರಖಾನನು ದಾವೂದಖಾನ ಪನ್ನಿ, ಬುಂದೇಲರ ದಲಪತರಾವ ಮುಂತಾದವರೊಡನೆ ಬಂದು, ಬಂದ ಮರುದಿನವೇ ಕೆಂಪು ಗುಡ್ಡಕ್ಕೆ ಕೈ ಹಾಕಿದನು. ರಜಪೂತರು ಬಹಳ ಮಂದಿ ಬಿದ್ದರು. ಬೇಡರು ಪೇಟೆಯ ಗೋಡೆಯ ಹಿಂದಕ್ಕೆ ಸರಿದರು. ಆಮೇಲೆ ಅವನು ಮಾಡಿದ ಕೆಲಸ ಗೋಡೆಗೆ ಗುಂಡು ಹಾರಿಸುವುದಲ್ಲ. ಒಳಗಿನವರು ನೀರು ತರುತ್ತಿದ್ದ ಬಾವಿಗಳನ್ನು ಹಿಡಿದು ಕುಳಿತನು. ಏಪ್ರಿಲ್ ತಿಂಗಳು, ಯಾದಗಿರಿ ಸೀಮೆಯ ಬಿಸಿಲು, ಕಾದ ಕಪ್ಪು ಬಂಡೆ. ದಕ್ಷಿಣಕ್ಕೆ ಕೆಲವೇ ಹರದಾರಿಗಳ ಮೇಲೆ ಕೃಷ್ಣೆ ಹರಿಯುತ್ತಿದ್ದಾಳೆ. ಕೋಟೆಯಲ್ಲಿ ಕುಡಿಯಲು ನೀರಿಲ್ಲ. ಎರಡು ಹೊಳೆಗಳ ನಡುವೆ ಕುಳಿತ ಜನ ನಾಲ್ಕು ಬಾವಿಗಳಿಲ್ಲದೆ ಸೋಲಬೇಕಾಯಿತು.

ಏಪ್ರಿಲ್ 27ರಂದು ದಲಪತರಾವನವರು ಕುದುರೆಯಿಳಿದು ಕಾಲ್ನಡಿಗೆಯಿಂದ ತಳವಾರಗೇರಿಯ ಮೇಲೆ ನುಗ್ಗಿದರು. ಪೇಟೆ ಹೋಯಿತು. ರಾತ್ರಿಯಾದ ಮೇಲೆ ಕೆಲವರು ಬಂದೂಕಿನವರು ಗೋಡೆಯ ಮೇಲೆ ನಿಂತು ಬಿಡದೆ ಗುಂಡು ಹಾರಿಸುತ್ತಿದ್ದರು. ಉಳಿದವರು ನಾಯಕನೊಡನೆ ಹಿಂದಿನ ಕಳ್ಳದಾರಿಯಿಂದ ಇಳಿದುಹೋದರು. ಹೋಗುವಾಗ ಮನೆಗಳಿಗೆ ಬೆಂಕಿಯಿಟ್ಟರು. ಗುಂಡಿನ ಸದ್ದು ನಿಂತಿತು, ಹೊಗೆ ಎದ್ದಿತು, ಮೊಗಲರು ಒಳಹೊಕ್ಕು ನೋಡಿದರೆ ಬರಿದಾದ ಕೋಟೆ, ಸೆರೆಯಲ್ಲಿದ್ದ ತಮ್ಮ ಕಿಲ್ಲೇದಾರ. ಎಪ್ಪತ್ತೆಂಟು ದಿನಗಳ ಮುತ್ತಿಗೆಗೆ ಸಿಕ್ಕಿದ ಪ್ರತಿಫಲವಿಷ್ಟು. ಕೋಟೆಗೆ ರಹಮಾನಬಕ್ಷ ಎಂಬ ಹೊಸ ಹೆಸರಿಟ್ಟರು. ಅದೂ ಉಳಿಯಲಿಲ್ಲ.

ಔರಂಗಜೇಬನು ತಾನೇ ಮುಂದೆ ನಿಂತು ನಡೆಸಿದ ಮುತ್ತಿಗೆಗಳಲ್ಲಿ ಇದೇ ಕಡೆಯದು. ಮಳೆಗಾಲ ಕಳೆಯಲೆಂದು ಅವನು ವಾಗಣಗೇರಿಯ ದಕ್ಷಿಣಕ್ಕೆ, ಕೃಷ್ಣೆಯ ಹತ್ತಿರದ ದೇವಾಪುರವೆಂಬ ಹಸುರು ಹಳ್ಳಿಯಲ್ಲಿ ಬೀಡುಬಿಟ್ಟನು. ಅಲ್ಲಿ ಕಠಿನವಾದ ಕಾಯಿಲೆ ಬಿದ್ದು ಎಚ್ಚರ ತಪ್ಪುವ ಸ್ಥಿತಿಗೆ ಬಂದನು. ಬೀಡಿನಲ್ಲಿ ದಿಗಿಲು ಹುಟ್ಟಿತು. ಶತ್ರುವಿನ ನಾಡಿನ ನಡುವೆ, ತುಂಬಿದ ಹೊಳೆಯ ದಡದಲ್ಲಿ ಬಾದಶಹನು ಕಣ್ಣು ಮುಚ್ಚಿದರೆ ಇಷ್ಟು ಜನರ ಗತಿಯೇನೆಂದು ಸರದಾರರು ಹೆದರಿದರು. ಅವನು ಹೇಗೋ ಚೇತರಿಸಿಕೊಂಡು ಅಕ್ಟೋಬರ 23ರಂದು ಪಾಲಕಿಯಲ್ಲಿ ಉತ್ತರಕ್ಕೆ ಹೊರಟನು. 1706ರ ಜನವರಿಯಲ್ಲಿ ಅಹಮದನಗರವನ್ನು ಸೇರಿ, 1707ರ ಮಾರ್ಚಿಯ ಆರಂಭದಲ್ಲಿ ಅಲ್ಲಿಯೇ ತೀರಿಕೊಂಡನು.

ಪಿಡ್ಡನಾಯಕನೋ ದೂರ ಹೋಗಲಿಲ್ಲ. ವಾಗಣಗೇರಿಗೆ ಸಮೀಪದ ಗುಡ್ಡಗಳ ನಡುವೆ ಸುರಪುರವೆಂಬ ಹೊಸ ರಾಜಧಾನಿ ಎದ್ದಿತು. ಅವನ ವಂಶದವರು ಅಲ್ಲಿ ಮುಂದೆ ನೂರೈವತ್ತು ವರ್ಷ ಆಳಿದರು. ಸುರಪುರದ ಚಿತ್ರಗಾರರ ಕೈಕೆಲಸವನ್ನೂ, ವೇಣುಗೋಪಾಲಸ್ವಾಮಿಯ ಗುಡಿಯ ಮುಂದೆ ಗೋಕುಲಾಷ್ಟಮಿಗೆ ನಡೆಯುವ ಕಂಬ ಹತ್ತುವ ಆಟವನ್ನೂ ನೋಡಿದ ಓದುಗರು ನಮ್ಮಲ್ಲಿ ಅನೇಕರಿರಬಹುದು.

ಆ ವಂಶದ ಕಡೆಯ ಕಾಳಗವು 1858ರ ಫೆಬ್ರವರಿಯಲ್ಲಿ ಇಂಗ್ಲಿಷರೊಡನೆ ನಡೆಯಿತು. ಅದು ಪ್ರತ್ಯೇಕವಾಗಿ ಬರೆಯತಕ್ಕ ಸಂಗತಿ. ಇಲ್ಲಿ ಎರಡೇ ಮಾತು. ರಾಜಾ ವೆಂಕಟಪ್ಪನಾಯಕನು ಚಿಕ್ಕವನಾಗಿದ್ದಾಗ ಮೆಡೋಜ್ ಟೇಲರ್ ಎಂಬ ಇಂಗ್ಲಿಷ್ ಅಧಿಕಾರಿಯು 1841ರಿಂದ ಹನ್ನೆರಡು ವರ್ಷ ಸುರಪುರದ ಆಡಳಿತವನ್ನು ನೋಡಿಕೊಂಡನು. ಹುಡುಗನು ಅವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದನು. ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತನು. ಹೆಚ್ಚಿನ ದಂಡು ಬಂದಿತು. ನಾಯಕನು ಹೈದರಾಬಾದಿಗೆ ಹೋಗಿ ಅಲ್ಲಿ ಸೆರೆಸಿಕ್ಕಿದನು. ಸೆರೆಮನೆಗೆ ನೋಡಲು ಬಂದ ಟೇಲರನೊಡನೆ ಅವನು, ಸೆರೆವಾಸಕ್ಕಿಂತ ಸಾವೇ ಲೇಸು, ಕಳ್ಳನಂತೆ ನೇಣಿಗೆ ಮಾತ್ರ ಹಾಕದಿರಲೆಂದು ಹೇಳಿಕೊಂಡನೆಂದು ಟೇಲರನೇ ಬರೆದಿಟ್ಟಿದ್ದಾನೆ. ಮರಣದಂಡನೆ ತಪ್ಪಿ ಕೆಲವು ವರ್ಷಗಳ ಸೆರೆಯೆಂದು ತೀರ್ಮಾನವಾಯಿತು. ಆದರೆ ಬೇರೆ ಕಡೆಗೆ ಸಾಗಿಸುತ್ತಿದ್ದಾಗ ದಾರಿಯಲ್ಲಿ ಗುಂಡು ತಗುಲಿ ನಾಯಕನು ಮಡಿದನು. ತಾನೇ ಹಾರಿಸಿಕೊಂಡನೆಂದು ಇಂಗ್ಲಿಷರ ಬರಹ ಹೇಳುವುದು. ಆಗ ಅವನ ವಯಸ್ಸು ಇಪ್ಪತ್ತನಾಲ್ಕರ ಆಸುಪಾಸು. 1860ರಲ್ಲಿ ಸುರಪುರ ಸಂಸ್ಥಾನವನ್ನು ನಿಜಾಮನಿಗೆ ಕೊಟ್ಟುಬಿಟ್ಟರು.

ಪ್ರಶ್ನೆ ಕೇಳಿದ ಹುಡುಗನಿಗೆ ಒಂದು ಮಾತು ಉಳಿದಿದೆ. ಕಡವುಗಳ ಕಾಲ ಈಗ ಇಲ್ಲ. ನಾರಾಯಣಪುರದಲ್ಲಿ 1982ರಲ್ಲಿ ಮುಗಿದ ಬಸವಸಾಗರದ ಅಣೆಕಟ್ಟು ಕೃಷ್ಣೆಯನ್ನು ತಡೆದು ಶಹಾಪುರ ಸುರಪುರಗಳ ಎರೆಹೊಲಗಳಿಗೆ ಕಾಲುವೆಯಲ್ಲಿ ಕಳುಹಿಸುತ್ತಿದೆ. ತಿಂಥಣಿಯಲ್ಲಿ ಸೇತುವೆಯಾಗಿದೆ. ಮೌನೇಶ್ವರನ ಜಾತ್ರೆಗೆ ಆಚೆ ದಡದ ಜನ ಮೋಟಾರಿನಲ್ಲಿಯೇ ದಾಟಿ ಬರುತ್ತಾರೆ. ರಜೆಯಲ್ಲಿ ತಾಯಿಯೊಡನೆ ಅಲ್ಲಿಗೆ ಹೋದರೆ, ಸೇತುವೆಯ ಮೇಲೆ ನಿಂತು ಮೊದಲು ನೀರನ್ನು ನೋಡಲಿ. ಆಮೇಲೆ ಅಲ್ಲಿಂದ ಸುರಪುರದ ದಾರಿ ಹಿಡಿದರೆ ನಡುವೆಯೇ ದೇವಾಪುರ ಸಿಕ್ಕುವುದು.